ತಣ್ಣೀರು ಕೊಡಬೇಡಿ, ತಾಯಿ

ಶಿವಮೊಗ್ಗದ ಕೋಟೆ ಬೀದಿಯಲ್ಲಿ ಎಣ್ಣೆ ಅಂಗಡಿ ಕಾಶಮ್ಮನ ಬಾಯಿಗೆ ಸಿಕ್ಕಿ ಮಾನ ಉಳಿಸಿಕೊಂಡು ಹೋದವರು ಕಡಿಮೆ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನೂ ಮಗ ಉಜ್ಜನಪ್ಪನನ್ನೂ ಆ ಬಾಯಿಂದಲೇ ಕಾಪಾಡಿಕೊಂಡು ಬಂದವಳು. ಅಂಥ ಹೆಂಗಸು ಸೊಸೆ ಜಗದಾಂಬಾ ವಿಷಯಕ್ಕೆ ಬಂದರೆ ಬೆಣ್ಣೆಯಂತೆ ಕರಗುತ್ತಿದ್ದಳು. ಬೀದಿಯವರು ಮೂಗಿನ ಮೇಲೆ ಬೆರಳಿಟ್ಟುಕೊಂಡರೆ, "ನಮ್ಮತ್ತೆ ಕೊಟ್ಟ ಬೈಗುಳಾನೆಲ್ಲ ನಾನೇ ತಿಂದು ಮುಗಿಸಿದೀನಿ ಕಣ್ರೇ, ಇವಳಿಗೆ ಅಂತ ಏನೂ ಉಳಿಸಿಲ್ಲ" ಎನ್ನುತ್ತಿದ್ದಳು.

ಸೊಸೆ ಒಳ್ಳೆಯವಳೇ. ಕೈ ಚುರುಕು, ಮಾತು ಕಡಿಮೆ. ಆದರೆ ಅವಳ ಎದೆಗೊಂದು ರೋಗವಿತ್ತು. ಮದುವೆಯಾಗಿ ಹೊಸಿಲು ದಾಟಿದ ದಿನ ಹಿರಿಯರ ಕಾಲಿಗೆ ಬಿದ್ದು ಎದ್ದವಳು ಎದೆ ಹಿಡಿದುಕೊಂಡು ಗೋಡೆಗೊರಗಿ ಕೂತುಬಿಟ್ಟಿದ್ದಳು. "ಎದೆಯೊಳಗೆ ಗುಬ್ಬಿ ಸಿಕ್ಕಿಹಾಕಿಕೊಂಡು ರೆಕ್ಕೆ ಬಡಿದಂಗಾಗ್ತದೆ ಅತ್ತೆ" ಎಂದು ಆಮೇಲೆ ಹೇಳಿದಳು. ಅಂದಿನಿಂದ ಹಬ್ಬ ಬಂದರೆ, ನೆಂಟರು ಬಂದರೆ, ಬಗ್ಗಿ ಎದ್ದರೆ ಅದೇ ಗತಿ. ಒಂದೊಂದು ಸಲ ಏನೂ ಆಗುತ್ತಿರಲಿಲ್ಲ, ಒಂದೊಂದು ಸಲ ಕಣ್ಣು ಕತ್ತಲೆ ಬರುವಷ್ಟು ಹೊಡೆದುಕೊಳ್ಳುತ್ತಿತ್ತು.

ಇದನ್ನು ಮನಸ್ಸಿಗೆ ಹಚ್ಚಿಕೊಂಡವರು ಓಂಕಾರಪ್ಪನವರು. ಕಾಶಮ್ಮನ ಗಂಡನ ಅಣ್ಣ, ಮನೆತನದ ಯಜಮಾನ, ಹಣೆಯ ವಿಭೂತಿಯಷ್ಟೇ ಮಾತೂ ದಪ್ಪ. "ನನ್ನ ಕಾಲಿಗೆ ಬೀಳೋದು ಅಂದ್ರೆ ಈ ಹುಡುಗಿಗೆ ಎದೆನೋವಾ? ನಾಟಕ!" ಎಂದು ಹೆಗಲ ಮೇಲಿನ ವಲ್ಲಿ ಕೊಡವಿ ಎದ್ದು ಹೋಗುತ್ತಿದ್ದರು. ಹೀಗಾಗಿ ಆ ಹುಡುಗಿ ಪಡುವ ಪಾಡನ್ನು ಅವರು ಒಂದು ದಿನವೂ ಕಣ್ಣಾರೆ ಕಂಡವರಲ್ಲ.

ಕಾಶಮ್ಮನ ಹತ್ತಿರ ಇದಕ್ಕೊಂದು ಮದ್ದಿತ್ತು. ತಪ್ಪಲೆ ತುಂಬ ಬಾವಿಯ ತಣ್ಣೀರು ತಂದು, "ಮುಖ ಮುಳುಗಿಸು, ಉಸಿರು ಹಿಡಿ" ಎನ್ನುವಳು. ಯಾರು ಹೇಳಿಕೊಟ್ಟಿದ್ದೋ, ಅವಳ ತಾಯಿಯ ಕಾಲದ ಮದ್ದು. ಮುಖ ಎತ್ತುವಷ್ಟರಲ್ಲಿ ಗುಬ್ಬಿ ಹಾರಿಹೋಗಿರುತ್ತಿತ್ತು. ಉಜ್ಜನಪ್ಪ ಜಟಕಾ ಮಾಡಿಕೊಂಡು ಡಾಕ್ಟರನ್ನು ಕರೆತರುವ ಹೊತ್ತಿಗೆ ಜಗದಾಂಬಾ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿರುತ್ತಿದ್ದಳು. ಡಾಕ್ಟರು ನಾಡಿ ಹಿಡಿದರೆ ಗಡಿಯಾರದಂತೆ ನೆಟ್ಟಗೆ. ಒಬ್ಬರು "ಎಲ್ಲಾ ಮನಸ್ಸಿಂದು" ಎಂದು ನಕ್ಕು ಹೋದರು. ಇನ್ನೊಬ್ಬರು ತಲೆ ಕೆರೆದುಕೊಂಡು, "ಎದೆ ದುರ್ಬಲ ಇದ್ದರೂ ಇರಬಹುದು, ಬಸುರಿಯಾದರೆ ಜೀವಕ್ಕೆ ಅಪಾಯ" ಎಂದುಬಿಟ್ಟರು.

ಆ 'ಇರಬಹುದು' ಎಂಬುದನ್ನು ಓಂಕಾರಪ್ಪನವರು ಕಿವಿಗೇ ಹಾಕಿಕೊಳ್ಳಲಿಲ್ಲ. "ವಂಶ ಬೆಳೆಸೋಕೆ ಆಗದವಳನ್ನ ಇಟ್ಕೊಂಡು ಏನು ಮಾಡೋದು? ಶಿವರಾತ್ರಿ ಕಳೀಲಿ, ತವರಿಗೆ ಬಿಟ್ಟು ಬರೋಣ. ಹೊನ್ನಾಳಿ ಕಡೆ ಒಂದು ಹೆಣ್ಣು ನೋಡಿದೀನಿ" ಎಂದು ತೀರ್ಪು ಕೊಟ್ಟರು. ಕಾಶಮ್ಮ ಮಗನ ಮುಖ ನೋಡಿದಳು. ಉಜ್ಜನಪ್ಪ ಎಣ್ಣೆಯ ಅಳತೆಪಾವನ್ನು ಒರೆಸುತ್ತಾ, "ದೊಡ್ಡಪ್ಪ ಹೇಳಿದಂಗೆ" ಎಂದ. ಹೆತ್ತ ಮಗನಲ್ಲದಿದ್ದರೆ ಆ ಪಾವನ್ನೇ ಅವನ ತಲೆಗೆ ಕುಕ್ಕುತ್ತಿದ್ದಳು. ಅಡುಗೆಮನೆಯಲ್ಲಿ ಜಗದಾಂಬಾ ಸದ್ದಿಲ್ಲದೆ ಅಳುತ್ತಿದ್ದಳು.

ಆಗ ಎರಡನೇ ಮಹಾಯುದ್ಧ ಶುರುವಾಗಿದ್ದ ಕಾಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಚಿಮಣಿಗಳಿಗೆ ಹಗಲು ರಾತ್ರಿ ಬಿಡುವಿರಲಿಲ್ಲ. ಅಲ್ಲಿ ರಾಮಚಂದ್ರಪ್ಪ ಎಂಬ ಡಾಕ್ಟರು ಸ್ವಂತ ಆಸ್ಪತ್ರೆ ತೆರೆದಿದ್ದಾರೆ, ಎದೆಯ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಮಿಶನ್ನು ತರಿಸಿದ್ದಾರೆ ಎಂಬ ಸುದ್ದಿ ಎಣ್ಣೆ ಗಿರಾಕಿಯೊಬ್ಬನ ಬಾಯಿಂದ ಬಂತು. ಕಾಶಮ್ಮ ಸೆರಗು ಸಿಕ್ಕಿಸಿಕೊಂಡು ಸೀದಾ ಓಂಕಾರಪ್ಪನವರ ಜಗಲಿಗೆ ಹೋದಳು.

"ಭಾವ, ನಿಮ್ಮ ಮಾತೂ ಬೇಡ, ನನ್ನ ಮಾತೂ ಬೇಡ. ಮಿಶನ್ನು ಹೇಳ್ಲಿ. ಇವಳ ಎದೆ ಕೆಟ್ಟಿದೆ ಅಂದ್ರೆ ಹೊನ್ನಾಳಿ ಹುಡುಗೀನ ನಾನೇ ಆರತಿ ಎತ್ತಿ ಒಳಗೆ ಕರ್ಕೋತೀನಿ. ಗಟ್ಟಿ ಇದೆ ಅಂದ್ರೆ ನೀವು ಇನ್ನು ಈ ಮಾತು ಎತ್ತಕೂಡದು. ನೀವೂ ಬನ್ನಿ, ಕಣ್ಣಾರೆ ನೋಡಿ."

"ಬರ್ತೀನಿ, ಅದಕ್ಕೇನು" ಎಂದರು ಓಂಕಾರಪ್ಪ. ರೋಗವಾದರೆ ಹುಡುಗಿ ಹೋಗುತ್ತಾಳೆ, ನಾಟಕವಾದರೆ ಮಿಶನ್ನಿನ ಮುಂದೆ ಬಯಲಾಗುತ್ತದೆ ಎಂಬ ಧೈರ್ಯ ಅವರದು.

ಅಂಗಡಿಗೆ ಉಜ್ಜನಪ್ಪನನ್ನು ಬಿಟ್ಟು ಮೂವರೂ ರೈಲು ಹತ್ತಿದರು. ರೈಲು ಹೊರಟ ಸ್ವಲ್ಪ ಹೊತ್ತಿಗೇ ಬುತ್ತಿಗಂಟು ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದ ಜಗದಾಂಬಾ ಹಾಗೇ ಎದೆ ಹಿಡಿದುಕೊಂಡಳು. ಓಂಕಾರಪ್ಪ ಮುಖ ಕಿಟಕಿಗೆ ತಿರುಗಿಸಿದರು. ಕಾಶಮ್ಮ ಇಂಥದಕ್ಕೆಂದೇ ತಂದಿದ್ದ ತಂಬಿಗೆಯ ನೀರಲ್ಲಿ ಸೆರಗು ಅದ್ದಿ ಸೊಸೆಯ ಮುಖಕ್ಕೆ ಒತ್ತಿ, ಉಸಿರು ಹಿಡಿಸಿ ನೀರು ಕುಡಿಸಿದಳು. ಭದ್ರಾವತಿ ಬರುವಷ್ಟರಲ್ಲಿ ಹುಡುಗಿ ಸರಿಯಾಗಿದ್ದಳು. "ನೋಡಿದ್ಯಾ, ಹೆಂಗೆ ಓಡಿಸಿದೆ!" ಎಂದು ಕಾಶಮ್ಮ ಬೀಗಿದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ರಾಮಚಂದ್ರಪ್ಪ ಜಗದಾಂಬಾಳನ್ನು ಮಂಚದ ಮೇಲೆ ಮಲಗಿಸಿ, ಎರಡು ಕೈಗೂ ಒಂದು ಕಾಲಿಗೂ ಉಪ್ಪುನೀರಲ್ಲಿ ನೆನೆಸಿದ ಪಟ್ಟಿ ಸುತ್ತಿ ತಂತಿ ಸಿಕ್ಕಿಸಿದರು. ಮರದ ಪೆಟ್ಟಿಗೆ ಗುಂಯ್ ಎಂದಿತು. ಡಾಕ್ಟರು ಕಾಗದ ತೆಗೆದುಕೊಂಡು ಕತ್ತಲೆ ಕೋಣೆಗೆ ಹೋಗಿ, ಫೋಟೊ ತೊಳೆದ ಹಾಗೆ ತೊಳೆದು ತಂದರು.

"ಎಲ್ಲ ಸರಿಯಾಗೇ ಇದೆಯಲ್ಲ" ಎಂದರು.

"ಅಲ್ಲಿಗಾಯ್ತು!" ಓಂಕಾರಪ್ಪನವರು ತೊಡೆ ತಟ್ಟಿಕೊಂಡರು. "ನಾಟಕ ಅಂತ ನಾನು ಅವತ್ತೇ ಹೇಳಿರ್ಲಿಲ್ವಾ? ಇಂಥ ಸುಳ್ಳಿ ನಮ್ಮ ಮನೆಗೆ ಬೇಡ!"

ಕಾಶಮ್ಮ ಥಟ್ಟನೆ ಎದ್ದು ನಿಂತಳು. ರೋಗವಿದೆ ಎಂದರೆ ಸೊಸೆ ಹೋಗುತ್ತಾಳೆ, ಇಲ್ಲ ಎಂದರೆ ಸುಳ್ಳಿಯಾಗುತ್ತಾಳೆ, ಇದೆಂಥ ನ್ಯಾಯ ಶಿವನೇ! "ಈಗ ತಾನೇ ರೈಲಲ್ಲಿ ಬಂದಿತ್ತು ಸ್ವಾಮಿ! ನಾನೇ ತಣ್ಣೀರು ಕೊಟ್ಟು ನಿಲ್ಲಿಸ್ದೆ" ಎಂದಳು. ತನ್ನ ಮದ್ದನ್ನು ಹೆಮ್ಮೆಯಿಂದಲೇ ವಿವರಿಸಿದಳು.

ಡಾಕ್ಟರು ಕನ್ನಡಕ ತೆಗೆದು ನಕ್ಕರು. "ಅಲ್ಲಮ್ಮಾ, ಕಳ್ಳನ್ನ ಹಿಂದಿನ ಬಾಗಿಲಿಂದ ನೀವೇ ಓಡಿಸಿ, ಮುಂದಿನ ಬಾಗಿಲಿಂದ ಪೊಲೀಸ್ನೋರನ್ನ ಕರೀತೀರಲ್ಲ! ನಿಮ್ಮ ಮದ್ದು ತಪ್ಪಲ್ಲ, ಒಳ್ಳೇ ಮದ್ದೇ. ಆದ್ರೆ ಎದೆ ಓಡೋದು ಹತ್ತಾರು ಥರ ಇರುತ್ತೆ. ಕೆಲವು ಜೀವ ತೆಗೆಯುತ್ತೆ, ಕೆಲವು ಬರೀ ಹೆದರಿಸುತ್ತೆ. ಕೈ ಹಿಡಿದು ನೋಡಿದ್ರೆ ಓಡ್ತಿದೆ ಅಂತ ಮಾತ್ರ ಗೊತ್ತಾಗುತ್ತೆ. ಯಾವ ಥರದ್ದು ಅಂತ ಈ ಗೆರೆ ನೋಡಿದ್ರೇ ಗೊತ್ತಾಗೋದು. ಓಡೋವಾಗಲೇ ಬರೀಬೇಕು, ನಿಂತ ಮೇಲೆ ಬರೆದ್ರೆ ಏನೂ ಸಿಗಲ್ಲ. ಅದು ಬರೋದು ಯಾವಾಗ?"

ಎಲ್ಲರೂ ಜಗದಾಂಬಾಳ ಕಡೆ ನೋಡಿದರು. ಅವಳು ತಲೆ ತಗ್ಗಿಸಿಕೊಂಡೇ, "ಬಗ್ಗಿ ಎದ್ದಾಗ... ಕಾಲಿಗೆ ಬಿದ್ದಾಗ" ಎಂದಳು.

"ಸರಿ ಹಾಗಾದ್ರೆ, ಬೀಳು!" ಎಂದಳು ಕಾಶಮ್ಮ.

ಜಗದಾಂಬಾ ಮೊದಲು ದೊಡ್ಡಮಾವನ ಕಾಲಿಗೆ ಬಿದ್ದಳು. ಏನೂ ಆಗಲಿಲ್ಲ. ಡಾಕ್ಟರ ಕಾಲಿಗೆ ಬಿದ್ದಳು, ಅವರು ಸಂಕೋಚದಿಂದ ಎರಡು ಹೆಜ್ಜೆ ಹಿಂದೆ ಸರಿದರು. ಅಲ್ಲೂ ಇಲ್ಲ. ನರ್ಸು ಸತ್ಯಭಾಮಾ, ಔಷಧಿ ಕೊಡುವ ಕಾಂಪೌಂಡರ್ ಇಬ್ಬರದೂ ಆಯಿತು. ಬಾಗಿಲು ಕಾಯುತ್ತಿದ್ದ ತಮಿಳಿನ ಮುದುಕನನ್ನೂ ಕಾಶಮ್ಮ ಒಳಗೆ ಎಳೆದು ತಂದು ನಿಲ್ಲಿಸಿದಳು. ಅವನು ಗಾಬರಿಯಾಗಿ, "ನಲ್ಲಾ ಇರು ತಾಯೀ, ನಲ್ಲಾ ಇರು" ಎಂದು ಹರಸಿ ಓಡಿಹೋದ. ಊಹೂಂ. ಬೇಡ ಅಂದಾಗ ಕರೆಯದೆ ಬರುವ ಶನಿ, ಬೇಕು ಅಂದಾಗ ಪತ್ತೆಯೇ ಇಲ್ಲ.

"ಸಾಕು ಮಾಡಮ್ಮ ಈ ಜಾತ್ರೆ" ಎಂದು ಓಂಕಾರಪ್ಪ ಗೊಣಗಿದರು.

ಕಾಶಮ್ಮ ಸ್ಟೂಲಿನ ಮೇಲೆ ಕೂತಳು. ಸೊಸೆಗೆ ಕಷ್ಟವಾಗುತ್ತದೆಂದು ಇಷ್ಟು ಕಾಲ ತನ್ನ ಕಾಲು ಮುಟ್ಟಲು ಬಿಟ್ಟವಳಲ್ಲ. ಈಗ ಸೀರೆಯಂಚು ಸರಿಸಿ ಪಾದ ಮುಂದಿಟ್ಟಳು. "ಬಾರೇ. ನನಗೊಂದು ಬಾಕಿ ಇದೆ."

ಜಗದಾಂಬಾ ಬಗ್ಗಿ ಹಣೆ ಮುಟ್ಟಿಸಿ ಎದ್ದಳು. ಎದ್ದವಳ ಕಣ್ಣು ಅಗಲವಾಯಿತು. "ಅತ್ತೆ, ಬಂತು!"

ಡಾಕ್ಟರು, ನರ್ಸು ಸೇರಿ ಅವಳನ್ನು ಮಂಚಕ್ಕೆ ಹಾಕಿ ಪಟ್ಟಿ ಸುತ್ತಿದರು. ಕಾಶಮ್ಮನ ಕೈ ತಾನಾಗಿಯೇ ಪಕ್ಕದಲ್ಲಿದ್ದ ನೀರಿನ ಬೇಸಿನ್ನಿಗೆ ಹೋಯಿತು.

"ತಣ್ಣೀರು ಕೊಡಬೇಡಿ, ತಾಯಿ" ಎಂದರು ಡಾಕ್ಟರು. "ನಾನು ಹೇಳೋವರೆಗೂ ಮುಟ್ಟಬೇಡಿ."

ಮದ್ದು ಕೈಯಳತೆಯಲ್ಲಿದೆ, ಮಗು ಕಣ್ಣೆದುರು ಒದ್ದಾಡುತ್ತಿದೆ. ಕೊಟ್ಟರೆ ಈ ಕ್ಷಣ ನಿಂತುಹೋಗುತ್ತದೆ, ನಿಂತರೆ ಸೊಸೆಯನ್ನು ಉಳಿಸಿಕೊಳ್ಳುವ ದಾರಿಯೂ ಮುಚ್ಚಿಹೋಗುತ್ತದೆ. ಕಾಶಮ್ಮ ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಳು. ಜಗದಾಂಬಾ ಬೇಸಿನ್ನನ್ನೇ ನೋಡುತ್ತಿದ್ದಳು, ಬಾಯಿಬಿಟ್ಟು ಕೇಳಲಿಲ್ಲ. ಹಣೆ ತುಂಬ ಬೆವರು. ಕುತ್ತಿಗೆಯ ಗುಳಿ ಕಣ್ಣಿಗೆ ಕಾಣುವಂತೆ ಪಟಪಟ ಹೊಡೆದುಕೊಳ್ಳುತ್ತಿತ್ತು.

ಓಂಕಾರಪ್ಪನವರು ಎದ್ದು ಹೋಗಲು ಅಲ್ಲಿ ಜಾಗವೇ ಇರಲಿಲ್ಲ. ಬಾಗಿಲಿಗೆ ಅಡ್ಡವಾಗಿ ಮಿಶನ್ನಿತ್ತು. ಅವರು ನೋಡಲೇಬೇಕಾಯಿತು. ನೋಡುತ್ತ ನೋಡುತ್ತ ಅವರ ಮುಖ ಬಿಳುಚಿಕೊಂಡಿತು.

"ಅಯ್ಯಯ್ಯೋ, ಇದೇನ್ರೀ ಇದು! ಹುಡುಗಿ ಹೋಗ್ತಾಳೆ ಕಣ್ರೀ! ಕಾಶವ್ವಾ, ನೀರು ಕೊಡೇ! ಕಲ್ಲಾ ನೀನು?"

"ಕೂತ್ಕೊಳ್ಳಿ ಭಾವ."

"ನಾನೇ ಕೊಡ್ತೀನಿ ಬಿಡು" ಎಂದು ಅವರು ಬೇಸಿನ್ನಿಗೆ ಕೈ ಹಾಕಿದರು. ಕಾಶಮ್ಮ ಜನ್ಮದಲ್ಲಿ ಮೊದಲ ಸಲ ಭಾವನ ಮುಂಗೈ ಹಿಡಿದಳು, ಮೂಳೆ ನೋಯುವಷ್ಟು ಗಟ್ಟಿಯಾಗಿ. "ಕೂತ್ಕೊಳ್ಳಿ ಅಂದೆ! ಇಷ್ಟು ದಿನ ನೋಡ್ಲಿಲ್ಲ, ಈಗ ನೋಡಿ. ಪೂರ್ತಿ ನೋಡಿ." ಹೇಳುತ್ತ ಹೇಳುತ್ತ ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಹಿಡಿತ ಮಾತ್ರ ಸಡಿಲವಾಗಲಿಲ್ಲ.

"ಈಗ ಕೊಡಿ" ಎಂದರು ಡಾಕ್ಟರು. ಮಿಶನ್ನು ಇನ್ನೂ ಓಡುತ್ತಲೇ ಇತ್ತು. ನರ್ಸು ತಲೆ ಎತ್ತಿ ಹಿಡಿದಳು, ಕಾಶಮ್ಮ ಸೊಸೆಯ ಮುಖವನ್ನು ನೀರಿಗೆ ಅದ್ದಿದಳು. ಜಗದಾಂಬಾ ಮುಖವೆತ್ತಿ ಉಸಿರೆಳೆದುಕೊಂಡು, "ಹೋಯ್ತು" ಎಂದು ನಕ್ಕಳು.

ಡಾಕ್ಟರು ಕತ್ತಲೆ ಕೋಣೆಯಿಂದ ಹೊರಬಂದಾಗ ಕೈಯಲ್ಲಿ ಒದ್ದೆ ಕಾಗದವಿತ್ತು. ಮೊದಲು ಗೆರೆಗಳು ಒಂದರ ಬೆನ್ನಿಗೊಂದು ಒತ್ತೊತ್ತಾಗಿ ಬಾಚಣಿಗೆಯ ಹಲ್ಲಿನಂತಿದ್ದವು. ಒಂದು ಕಡೆ ತಟ್ಟನೆ ನಿಂತು ಚೂರು ಖಾಲಿ ಜಾಗ. ಅಲ್ಲಿಂದ ಮುಂದೆ ಬಿಡಿಬಿಡಿಯಾಗಿ, ನೆಮ್ಮದಿಯಾಗಿ ನಡೆದಿದ್ದವು.

"ನಾಟಕ ಅಲ್ಲ ಯಜಮಾನ್ರೇ, ಇದನ್ನ ಯಾರೂ ಬೇಕು ಅಂತ ಮಾಡೋಕಾಗಲ್ಲ" ಎಂದರು ಡಾಕ್ಟರು. "ಎದೆ ದುರ್ಬಲವೂ ಅಲ್ಲ. ಬಡಿತ ಆಗಾಗ ದಾರಿ ತಪ್ಪಿ ಗಾಣದೆತ್ತಿನ ಹಾಗೆ ಸುತ್ತುತ್ತೆ. ತಣ್ಣೀರು ಆ ಸುತ್ತನ್ನ ಮುರಿಯುತ್ತೆ. ಜಾಸ್ತಿಯಾದ್ರೆ ಮಾತ್ರೆ ಕೊಡೋಣ. ಉಳಿದ ಹೊತ್ತಲ್ಲಿ ನನ್ನ ಎದೆಗಿಂತ ಇವರದೇ ಗಟ್ಟಿ."

"ಮಕ್ಕಳು?" ಎಂದಳು ಕಾಶಮ್ಮ.

"ಧಾರಾಳವಾಗಿ ಆಗ್ಲಿ. ಬಸುರಿಯಾದಾಗ ಒಂದೆರಡು ಸಲ ಇಲ್ಲಿಗೆ ಕರ್ಕೊಂಡು ಬನ್ನಿ, ಅಷ್ಟೇ."

ವಾಪಸು ರೈಲಲ್ಲಿ ಜಗದಾಂಬಾ ಮೆಲ್ಲಗೆ ಕೇಳಿದಳು. "ಅತ್ತೆ, ಮಿಶನ್ನು ಬೇರೆ ಥರ ಹೇಳಿದ್ರೆ ನೀವು ನಿಜವಾಗ್ಲೂ ಆ ಹುಡುಗಿಗೆ ಆರತಿ ಎತ್ತುತ್ತಿದ್ರಾ?"

"ಥೂ ಮಾರಾಯ್ತಿ! ಆ ಮಾತು ಗೆಲ್ತೀನಿ ಅಂತ ಆಡಿದ್ದು. ಸೋತಿದ್ರೆ ನನ್ನ ಗಂಟೂ ಕಟ್ಕೊಂಡು ನಿನ್ನ ತವರಿಗೇ ಬಂದು ಕೂರ್ತಿದ್ದೆ." ಕಾಶಮ್ಮ ಭಾವನಿಗೆ ಕೇಳಲಿ ಎಂದೇ ಜೋರಾಗಿ ಹೇಳಿದಳು. ಓಂಕಾರಪ್ಪನವರು ಮುಂಗೈ ನೀವಿಕೊಂಡರು.

ಶಿವಮೊಗ್ಗ ಸ್ಟೇಶನ್ನಿನಲ್ಲಿ ಉಜ್ಜನಪ್ಪ ಕಾಯುತ್ತಿದ್ದ. ಹೆಂಡತಿಯತ್ತ ಒಂದು ಸಲ ಕಳ್ಳಗಣ್ಣಲ್ಲಿ ನೋಡಿ, ಸೀದಾ ದೊಡ್ಡಪ್ಪನ ಮುಂದೆ ಹೋಗಿ ನಿಂತ. "ಏನಂದ್ರು ದೊಡ್ಡಪ್ಪ? ಏನು ಮಾಡೋಣ ಅಂತೀರಿ?"

ಓಂಕಾರಪ್ಪನವರಿಗೆ ಎಲ್ಲಿತ್ತೋ ಸಿಟ್ಟು, ಒಮ್ಮೆಲೇ ಉಕ್ಕಿ ಬಂತು. "ನನ್ನನ್ನೇನು ಕೇಳ್ತೀಯೋ? ಹೊನ್ನಾಳಿಯವರಿಗೆ ನಾಳೆ ನಾನೇ ಹೋಗಿ ಕೈ ಮುಗಿದು ಬರ್ತೀನಿ, ಅದು ನನ್ನ ತಪ್ಪು. ಇವಳು ನಿನ್ನ ಹೆಂಡ್ತಿ ಕಣೋ. ಅವಳನ್ನ ಕೇಳು!"

ಉಜ್ಜನಪ್ಪ ಪ್ಲಾಟ್‌ಫಾರಮ್ಮಿನ ಮಧ್ಯೆ ಕಿವಿಯವರೆಗೂ ಕೆಂಪಾಗಿ ನಿಂತ. ಆಮೇಲೆ ಹೆಂಡತಿಯ ಕೈಯಿಂದ ಬುತ್ತಿಗಂಟು ಇಸಿದುಕೊಂಡು, ತಡವರಿಸುತ್ತಾ, "ಏನಂದ್ರು?" ಎಂದು ಕೇಳಿದ.

ಜಗದಾಂಬಾ ಒಡನೆ ಹೇಳಲಿಲ್ಲ. ಅವನು ಇನ್ನೊಂದು ಸಲ ಕೇಳುವವರೆಗೂ ಕಾದಳು. ಕೇಳಿದ. ಆಮೇಲೆ ಮೊದಲಿಂದ ಹೇಳತೊಡಗಿದಳು.