ಗುಬ್ಬಿ ಬಲಕ್ಕೆ ತಿರುಗಿದಳು

ಅವನು ರೇಡಿಯೋದಲ್ಲಿ ಫುಟ್‌ಬಾಲ್ ಪಂದ್ಯಗಳ ವೀಕ್ಷಕ ವಿವರಣೆ ಕೊಡುವವನು. ಒಮ್ಮೆ ಬಾಯಿ ತೆರೆದರೆ ಮುಚ್ಚುವುದು ಗೊತ್ತಿಲ್ಲ. ಮನೆಯಲ್ಲಿ ಹಾಲು ಉಕ್ಕಿದರೂ ಗೋಲು ಬಿದ್ದಷ್ಟೇ ಹುರುಪಿನಿಂದ ಸಾರುತ್ತಾನೆ. ಹೆಂಡತಿ ಅದೇ ರೇಡಿಯೋ ನಿಲಯದಲ್ಲಿ ಧ್ವನಿಮುದ್ರಣ ನೋಡಿಕೊಳ್ಳುವವಳು, ಮಾತು ಕಡಿಮೆ. ಅವರ ಮೊದಲ ಮಗಳನ್ನು ಅಜ್ಜಿ, ಅಂದರೆ ಹೆಂಡತಿಯ ತಾಯಿ, ಗುಬ್ಬಿ ಎಂದು ಕರೆದರು. ಅದೇ ನಿಂತುಬಿಟ್ಟಿತು.

ಗುಬ್ಬಿಗೆ ಒಂದೂವರೆ ತಿಂಗಳಾಗುವಷ್ಟರಲ್ಲಿ ತಾಯಿಗೆ ಏನೋ ಸರಿಯಿಲ್ಲ ಅನ್ನಿಸತೊಡಗಿತು. ಒಂದು ಮೊಲೆಯಲ್ಲಿ ಗಟಗಟ ಹಾಲು ಕುಡಿಯುವ ಮಗು, ಇನ್ನೊಂದಕ್ಕೆ ಹಿಡಿದರೆ ಮುಖ ಕಿವುಚಿ ರಂಪ ಮಾಡುತ್ತಿತ್ತು. ಸ್ನಾನ ಮಾಡಿಸುವಾಗ ಕತ್ತಿನ ಬಲಗಡೆಯ ಮಡಿಕೆ ಬಿಡಿಸಿ ಒರೆಸುವುದೇ ಒಂದು ಸಾಹಸ. ಮಲಗಿಸಿದರೆ ತಲೆ ಬಲಭುಜಕ್ಕೆ ವಾಲುತ್ತಿತ್ತು, ಮುಖ ಮಾತ್ರ ಸದಾ ಎಡಕ್ಕೆ. ಅಪ್ಪನ ಠೀವಿ ಬಂದಿದೆ ಎಂದು ಅಜ್ಜಿ ನಕ್ಕರು. ತೊಟ್ಟಿಲ ಬಲಕ್ಕೆ ಗೋಡೆ, ಎಡಕ್ಕೆ ಇಡೀ ಕೋಣೆ. ಗೋಡೆಯಲ್ಲಿ ಅವಳಿಗೆ ನೋಡುವಂಥದ್ದು ಏನಿದೆ ಎಂಬುದು ಅವನ ವಾದ.

ಹೆಂಡತಿ ವಾದಕ್ಕೆ ಇಳಿಯಲಿಲ್ಲ. ಮಗುವನ್ನು ಎತ್ತಿ, ತಲೆಯಿದ್ದ ಕಡೆ ಕಾಲು ಬರುವಂತೆ ತಿರುಗಿಸಿ ಮಲಗಿಸಿದಳು. ಈಗ ಗೋಡೆ ಎಡಕ್ಕೆ ಬಂತು, ಕೋಣೆ ಬಲಕ್ಕೆ. ಮೂವರೂ ತೊಟ್ಟಿಲತ್ತ ಬಾಗಿ ನೋಡಿದರು. ಗುಬ್ಬಿ ಒಂದಿಷ್ಟು ಕೈಕಾಲು ಆಡಿಸಿ, ಆ ಬೋಳು ಗೋಡೆಯ ಕಡೆಗೇ ಮುಖ ಮಾಡಿದಳು.

"ಬಲಗಡೆಯಿಂದ ಮಾತಾಡಿ ನೋಡೋಣ," ಎಂದಳು ಹೆಂಡತಿ. "ನಿಮ್ಮ ದನಿ ಅಂದ್ರೆ ಅವಳಿಗೆ ಪ್ರಾಣ."

ಅವನು ಮಂಡಿಯೂರಿ ಕುಳಿತು ಹಳೆಯ ಪಂದ್ಯವೊಂದರ ವಿವರಣೆ ಶುರುಮಾಡಿದ. ಗುಬ್ಬಿಯ ಕಣ್ಣುಗಳು ತಟ್ಟನೆ ಬಲಕ್ಕೆ ಹೊರಳಿದವು. ಹಿಂದೆಯೇ ತಲೆಯೂ ಹೊರಟಿತು, ಅರ್ಧ ದಾರಿಯಲ್ಲಿ ಗಕ್ಕನೆ ನಿಂತಿತು. ಮಗು ಮುಲುಕಾಡಿತು.

"ಕಣ್ಣು ಬರ್ತಿದೆ, ಕತ್ತು ಬರ್ತಿಲ್ಲ," ಎಂದಳು ಅವಳು. ಹೆದರಿಕೆ ಒಂದು ಕಡೆ, ಸುಳಿವು ಸಿಕ್ಕ ಸಂಭ್ರಮ ಇನ್ನೊಂದು ಕಡೆ. ಬಟ್ಟೆ ಬದಲಿಸುವಷ್ಟೂ ತಡೆಯದೆ ಮಗುವನ್ನು ಆಸ್ಪತ್ರೆಗೆ ಕರೆದೊಯ್ದರು.

ಮಕ್ಕಳ ಡಾಕ್ಟರಮ್ಮ ಬೆರಳ ತುದಿಯಿಂದ ಕತ್ತು ಸವರುತ್ತ ಹೋಗಿ, ಬಲಗಡೆ ಒಂದೆಡೆ ಬೆರಳು ನಿಲ್ಲಿಸಿದರು. ತಾಯಿಯ ಬೆರಳನ್ನೂ ಅಲ್ಲಿ ಇರಿಸಿದರು: ಸಣ್ಣ ಗೋಲಿಯಷ್ಟು ಗಂಟು. ಬೇರೆ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಕಣ್ಣು, ಸೊಂಟದ ಕೀಲು ನೋಡಿದರು, ಸ್ಕ್ಯಾನ್ ಮಾಡಿಸಿದರು. ಇದಕ್ಕೆ ಟಾರ್ಟಿಕೊಲಿಸ್ ಅನ್ನುತ್ತಾರೆ, ಕತ್ತಿನ ಒಂದು ಸ್ನಾಯು ಬಿಗಿದುಕೊಂಡು ಗಿಡ್ಡವಾಗಿದೆ ಎಂದು ವಿವರಿಸಿದರು. ಒಂದೇ ಕಡೆ ಮಲಗಿ ತಲೆಯ ಹಿಂಭಾಗ ಎಡಕ್ಕೆ ಆಗಲೇ ತುಸು ಚಪ್ಪಟೆಯಾಗಿತ್ತು. ತಾನೇನಾದರೂ ತಪ್ಪಾಗಿ ಎತ್ತಿಕೊಂಡೆನೇ ಎಂದು ತಾಯಿ ಅಳುಕುತ್ತಲೇ ಕೇಳಿದಳು.

"ಯಾರ ತಪ್ಪೂ ಅಲ್ಲಮ್ಮ. ಬೇಗ ಕಂಡುಹಿಡಿದ್ರಲ್ಲ, ಅದೇ ದೊಡ್ಡದು. ಈ ವಯಸ್ಸಲ್ಲಿ ಸ್ನಾಯು ಹೇಳಿದ ಮಾತು ಕೇಳುತ್ತೆ."

ಫಿಸಿಯೋಥೆರಪಿ ಮಾಡುವವರು ಕತ್ತನ್ನು ಹಗುರವಾಗಿ ಹಿಗ್ಗಿಸುವ ಬಗೆ ಕಲಿಸಿದರು. ಬಲವಂತ ಮಾತ್ರ ಕೂಡದು ಎಂದರು. ಎಚ್ಚರವಿರುವಾಗ ಎದುರಲ್ಲೇ ಕುಳಿತು ಬೋರಲು ಮಲಗಿಸಬೇಕು, ಆಟಿಕೆಯೂ ಮಾತೂ ಬಲದಿಂದಲೇ ಬರಬೇಕು. ಮಗು ಯಾರ ದನಿಗೆ ಹೆಚ್ಚು ಓಗೊಡುತ್ತದೆ ಎಂದು ಅವರು ಕೇಳಿದ್ದೇ ತಡ, ಅಜ್ಜಿ ಅಳಿಯನತ್ತ ಕೈ ತೋರಿಸಿದರು.

"ಈ ಬಾಯಿಗೆ ಮನೇಲೂ ಒಂದು ಕೆಲಸ ಸಿಕ್ತು."

ಮನೆ ಕ್ರೀಡಾಂಗಣವಾಯಿತು. ಕಂಬಳಿಯೇ ಮೈದಾನ, ಗಿಲಕಿಯೇ ಚೆಂಡು. ಮಗು ಚೀರಿದಾಗ ಅವನು ಕೈ ಹಿಂದೆ ತೆಗೆಯುತ್ತಿದ್ದ, ಹೆಂಡತಿ ಗುನುಗುತ್ತ ಮುಂದುವರಿಸುತ್ತಿದ್ದಳು. ವಾರಗಳು ಉರುಳಿದವು. ಗಲ್ಲ ಕೂದಲೆಳೆಯಷ್ಟು ಬಲಕ್ಕೆ ಸರಿದರೂ ಮೂವರಿಗೂ ಹಬ್ಬ.

ಒಂದು ಭಾನುವಾರ ಅವನು ಮೈದಾನದಿಂದ ನೇರ ವಿವರಣೆ ಕೊಡುತ್ತಿದ್ದ. ಮನೆಯಲ್ಲಿ ಗುಬ್ಬಿ ಕಂಬಳಿಯ ಮೇಲೆ ಬೋರಲು ಮಲಗಿದ್ದಳು. ರೇಡಿಯೋ ಬಲಗಡೆ ಇತ್ತು. ಗೋಲು ಬಿತ್ತು, ಅಪ್ಪನ ದನಿ ಮುಗಿಲು ಮುಟ್ಟಿತು. ಮಗಳು ತಲೆ ಎತ್ತಿದಳು. ಅರ್ಧ ದಾರಿ ದಾಟಿದಳು. ಗಲ್ಲ ಬಲಭುಜದ ನೇರಕ್ಕೆ ಬರುವವರೆಗೆ ತಿರುಗಿ, ರೇಡಿಯೋವನ್ನು ದಿಟ್ಟಿಸಿ ಬೊಚ್ಚುಬಾಯಿ ಬಿಟ್ಟು ನಕ್ಕಳು. ಅಜ್ಜಿ ಕುಣಿದೇಬಿಟ್ಟರು. ಮಾತು ಕಡಿಮೆಯ ಹೆಂಡತಿ ಫೋನಿನಲ್ಲಿ ನಿಲಯದವರಿಗೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಪಂದ್ಯದ ನಡುವಿನ ವಿರಾಮ ಮುಗಿಯುವ ಹೊತ್ತಿಗೆ ಸುದ್ದಿ ಅವನ ಕಿವಿಗೆ ಬಿತ್ತು.

"ಕೇಳುಗರೇ, ಗುಬ್ಬಿ ಬಲಕ್ಕೆ ತಿರುಗಿದಳು," ಎಂದು ಅವನು ಹೇಳಿದ್ದು ಊರಿಗೆಲ್ಲ ಕೇಳಿಸಿತು. ಆ ಹೆಸರಿನ ಆಟಗಾರ್ತಿ ಯಾವ ತಂಡದವಳು ಎಂದು ಕೇಳಿ ನಿಲಯಕ್ಕೆ ಕರೆಗಳು ಬಂದವಂತೆ.

ವ್ಯಾಯಾಮ ನಿಲ್ಲಿಸಲಿಲ್ಲ. ವರ್ಷ ತುಂಬುವ ಮೊದಲೇ ಗಂಟು ಕರಗಿತ್ತು, ಕತ್ತು ಎರಡೂ ಕಡೆ ಸರಾಗವಾಗಿ ಹೊರಳುತ್ತಿತ್ತು. ಇನ್ನು ಆಗಾಗ ತೋರಿಸಿಕೊಂಡು ಹೋದರೆ ಸಾಕು ಎಂದರು ಡಾಕ್ಟರಮ್ಮ. ಅವರು ಮಾತು ಮುಗಿಸುವಷ್ಟರಲ್ಲಿ ಗುಬ್ಬಿ ತಾಯಿಯ ತೊಡೆಯಿಂದ ಜಾರಿ, ಅಂಬೆಗಾಲಿಡುತ್ತ ಬಾಗಿಲ ಹೊರಗೆ ಹೋಗಿಯಾಗಿತ್ತು. ಮೂವರೂ ಅವಳ ಹಿಂದೆ ಓಡಿದರು.