ಬೆನ್ನ ಕಡೆಯ ಕುಳಿ

ತುಳಸಿದಾಸನ ನಡಿಗೆಯನ್ನು ಒಮ್ಮೆ ಕಂಡವರು ಮರೆಯುವಂತಿರಲಿಲ್ಲ: ನಾಲ್ಕಾರು ಹೆಜ್ಜೆ ನಡೆದು, ಯಾರೋ ಹೆಗಲು ಮುಟ್ಟಿದಂತೆ ತಟ್ಟನೆ ನಿಂತು, ಪೂರ್ತಿ ಹಿಂದೆ ತಿರುಗಿ ನೋಡಿ, ಮತ್ತೆ ಮುಂದುವರಿಯುವುದು. ಹಣಕೋಣದಲ್ಲಿ ಗಣಪತಿ ಮೂರ್ತಿ ಮಾಡುತ್ತಿದ್ದ ಈ ಕೃಶಕಾಯನನ್ನು ಕಂಡರೆ ಮಕ್ಕಳಿಗೆ ನಗು, ಹಿರಿಯರಿಗೆ ಅಳುಕು. ಮಗಳು ಜಯಂತಿ ಹನ್ನೆರಡರ ಪ್ರಾಯದಲ್ಲಿ ಜ್ವರ ಬಂದು ತೀರಿಕೊಂಡಾಗ, ಮಸಣದಿಂದ ಮರಳುವವರು ತಿರುಗಿ ನೋಡಬಾರದೆಂಬ ಪದ್ಧತಿಗೆ ತಲೆಬಾಗಿ ಆತ ಮುಂದೆ ನೋಡುತ್ತಲೇ ಮನೆಗೆ ಬಂದಿದ್ದನಂತೆ. ಅವಳದೊಂದು ಫೋಟೋ ಕೂಡ ಇರಲಿಲ್ಲ. ಅಂದಿನಿಂದ ಪ್ರತಿ ಚೌತಿ ಮುಗಿದ ಮೇಲೆ, ಉಳಿದ ಮಣ್ಣಿನಲ್ಲಿ ಅವಳ ಮುಖ ಮಾಡಲು ಕೂರುತ್ತಿದ್ದ.

“ಮೂಗು ಬರ್ತದೆ, ಹಣೆ ಬರ್ತದೆ ಮಾಸ್ತರ್ರೇ. ಅವಳು ಬರೂದಿಲ್ಲ ಅನ್ನಿ,” ಎಂದಿದ್ದ ಒಮ್ಮೆ ನನ್ನೊಡನೆ. ಮಾತಿನ ತುದಿಗೊಂದು ‘ಅನ್ನಿ’ ಸೇರಿಸದಿದ್ದರೆ ಅವನಿಗೆ ಸಮಾಧಾನವಿಲ್ಲ.

೨೦೦೮ರಲ್ಲಿ ನಮ್ಮ ದೇಶದ ನೌಕೆ ಚಂದ್ರನತ್ತ ಹೊರಟಾಗ, ಅಂಕೋಲೆಯ ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಣ್ಣಿನ ಚಂದ್ರನನ್ನು ಮಾಡಿಕೊಡೆಂದು ನಾನೇ ಕೇಳಿದೆ. ಭೂಮಿಗೆಂದೂ ಕಾಣದ ಬದಿಯ ಚಿತ್ರವನ್ನು ಕೊಟ್ಟರೆ, ಅವನು ಒಂದೇ ಕುಳಿಯ ಮೇಲೆ ಕಣ್ಣು ನೆಟ್ಟ. ನನಗೋ ಪಾಠ ಹೇಳುವ ಚಟ. ಕೋಟ್ಯಂತರ ವರ್ಷಗಳ ಹಿಂದೆ ಬಂಡೆಯೊಂದು ಅಪ್ಪಳಿಸಿ ಆದದ್ದು, ಆಮೇಲೆ ಬಿದ್ದ ಕಲ್ಲುಗಳಿಂದ ಅಂಚೆಲ್ಲ ಸವೆದು ಇದೆಯೋ ಇಲ್ಲವೋ ಎಂಬಂತಾಗಿದೆ ಎಂದು ವಿವರಿಸಿದೆ.

“ಹಾಗಾದ್ರೆ ಈ ಚಂದ್ರನೂ ಹಿಂದೆ ತಿರುಗಿದವನಲ್ಲ ಅನ್ನಿ,” ಎಂದು ಚಿತ್ರವನ್ನು ಮಡಚಿಟ್ಟುಕೊಂಡ.

ಮಣ್ಣಿನ ಚಂದ್ರ ಶಾಲೆಗೆ ಬಂದ. ನೇರ ನೋಡಿದರೆ ಆ ಕುಳಿ ಬರೀ ತಗ್ಗು. ಕಿಟಕಿಯ ಓರೆಬಿಸಿಲು ಬಿದ್ದಾಗ ಅದರ ತಳದಲ್ಲಿ ಹುಡುಗಿಯೊಬ್ಬಳ ಮುಖ ಮೂಡುತ್ತಿತ್ತು. ತುಳಸಿದಾಸನ ಜೊತೆಗೆ ಬಂದಿದ್ದ ಅವನ ಹೆಂಡತಿ ಕಾಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಅವಳೇ. ಎಂತಕ್ಕೆ ಅಲ್ಲಿ ಇಟ್ರಿ?”

“ನಾ ಇಟ್ಟಿದ್ದಲ್ಲ. ಸವೆದದ್ದನ್ನ ಮಾಡ್ತಾ ಕೂತಿದ್ದೆ. ಬಂದಳು.”

ಈ ಸಲ ‘ಅನ್ನಿ’ ಇರಲಿಲ್ಲ. ಅಂದು ಬಸ್ ನಿಲ್ದಾಣದವರೆಗೂ ಆತ ಒಮ್ಮೆಯೂ ತಿರುಗಿ ನೋಡದೆ ನಡೆದುಹೋದದ್ದನ್ನು ಕಂಡು, ಸಂತೋಷಪಡಬೇಕಾದ ನನಗೆ ಭಯವಾಯಿತು.

ಮುಂದಿನ ಮಳೆಗಾಲದಲ್ಲಿ ಅವನು ತೀರಿಕೊಂಡ. ಪ್ರಯೋಗಶಾಲೆಯ ಮೂಲೆಯಲ್ಲಿ ಕುಳಿಯನ್ನು ಗೋಡೆಗೆ ತಿರುಗಿಸಿಟ್ಟಿದ್ದ ಚಂದ್ರನನ್ನು, ಮಳೆ ಬಿಟ್ಟ ಮೇಲೊಂದು ಸಂಜೆ ಬಿಸಿಲಿಗೆ ಹೊರಳಿಸಿದೆ. ಮಣ್ಣು ಒದ್ದೆಯಾಗಿತ್ತು, ಥಂಡಿಯೇ ಇರಬೇಕು. ಮೊದಲು ನೇರವಾಗಿದ್ದ ಮುಖ ಈಗ ಓರೆಯಾಗಿ, ಹೆಗಲ ಮೇಲಿಂದ ಹಿಂದೆ ತಿರುಗಿ ನೋಡುತ್ತಿತ್ತು.

ಆ ಕೋಣೆಯಿಂದ ಹೊರಡುವಾಗ ನಾನೂ ಈಗ ಬಾಗಿಲಲ್ಲಿ ನಿಂತು ಒಮ್ಮೆ ತಿರುಗುತ್ತೇನೆ. ಸತ್ತವರು ಬಿಟ್ಟುಹೋದ ತಗ್ಗು ತುಂಬಿಹೋಗದಂತೆ ಇಂಥವರು ಬದುಕಿನುದ್ದಕ್ಕೂ ಕಾಯುತ್ತಾರೆ. ತಾವು ಹೋದ ಮೇಲೆ ಆ ಕಾವಲು ಯಾರ ಪಾಲಿಗೆ ಬರುತ್ತದೆಂದು ಯಾರಿಗೂ ಹೇಳಿ ಹೋಗುವುದಿಲ್ಲ.