ಶಾಲುಬಾಯಿ ಕೂಡೋ ಸೀಟು

೧

ಎಲ್ಲಿಂದ ಶುರು ಮಾಡ್ಲಿ ಅಂತ ಅರ್ಧ ತಾಸಿಂದ ಪೆನ್ನು ಕಡಿಲತ್ತೇನಿ. ಬೀದರ್ ಕೋಟೆಯಿಂದ ಶುರು ಮಾಡಿದ್ರ ನೀವು ಟೂರಿಸ್ಟ್ ಆಗ್ತೀರಿ. (ಆ ಡ್ರಾಫ್ಟ್ ಹರಿದು ಒಗದೀನಿ.) ‘ಎಡಗಾಲಿಯಿಂದ ಶುರು ಮಾಡ್ರಿ ಸಾಬ್, ಅದೇ ಭಾಳ ಸವದದ,’ ಅಂದ ಸಲಾವೋದ್ದೀನ. ಅವ ಮೆಕ್ಯಾನಿಕ್. ಬೀದರಿನಾಗ ಅವನ ಗ್ಯಾರೇಜು, ನನ್ನ ಕತಿ ನಡೆಯೋದೂ ಅಲ್ಲೇ.

ಆಯ್ತು, ಎಡಗಾಲಿ. ತೊಂಬತ್ತೇಳನೇ ಇಸವಿಯ ಬಿಳಿ ಕಾರು. ಮಾಲಕ ನಾಗಸೇನ, ಹೈಸ್ಕೂಲ್ ಮಾಸ್ತರ. ಗಾಡಿ ಯಾವಾಗೂ ಎಡಕ್ಕ ಎಳೀತದ, ತಗ್ಗು ಬಂದ್ರ ಮುಂದಿನ ಸಸ್ಪೆನ್ಶನ್ ಧಡ್ ಅಂತದ. ಹೋದ ವರ್ಷ ಭಾಲ್ಕಿಗೆ ಹೋಗಿ ಬಂದ ಮ್ಯಾಲ ಅವನ ಅವ್ವ ಶಾಲುಬಾಯಿ ಹದಿನೈದು ದಿನ ನಡ ಹಿಡಕೊಂಡು ಮಲಗಿದ್ದಳು. ಎದ್ದ ದಿನಾನೇ ಹೇಳಿಬಿಟ್ಟಳು: ‘ಗಾಡಿ ರಿಪೇರಿ ಆಗೂತನ ನಾ ಇದರಾಗ ಕೂಡಂಗಿಲ್ಲ.’

೨

ಕೂಡದಿದ್ರ ಏನಾಯ್ತು ಅಂತೀರಿ? ಔರಾದ ಕಡಿ ಚಿಂತಾಕಿ ಅನ್ನೋ ಹಳ್ಳ್ಯಾಗ ಸುಂದರಬಾಯಿ ಇದ್ದಾಳ, ಶಾಲುಬಾಯಿಯ ಸಣ್ಣಂದಿನ ಗೆಳತಿ. ಕುರಿ ಸಾಕಿ ಬದುಕಿದಾಕಿ. ಆಕಿ ಕಣ್ಣು ಹೋಗ್ಲತ್ತಾವ. ಈಗ ಕುರಿ ಯಾವುದು, ಮರಿ ಯಾವುದು ತಿಳಿಯಂಗಿಲ್ಲ. ‘ಪೂರಾ ಕತ್ತಲಾಗೂ ಮೊದಲು ಒಮ್ಮೆ ನಿನ್ನ ಮಾರಿ ತೋರಿಸಿ ಹೋಗ’ ಅಂತ ಫೋನಿನಾಗ ಅಂದಾಳ. ಬಸ್ಸಿನ ಮೆಟ್ಟಲಾ ಏರೋದು ಶಾಲುಬಾಯಿ ಕೈಲೆ ಆಗಂಗಿಲ್ಲ.

(ಇಲ್ಲಿ ಶಾಲುಬಾಯಿ ಅಳೋ ಪ್ಯಾರಾ ಒಂದಿತ್ತು. ನಾಗಸೇನ ಓದಿ, ‘ನಮ್ಮವ್ವ ಹಿಂಗ ಅಳಾಕಿ ಅಲ್ಲರಿ, ತೆಗೀರಿ’ ಅಂದ. ತೆಗದೇನಿ. ಬರೀವಾಗ ನನಗೇ ಕಣ್ಣಾಗ ನೀರು ಬಂದಿತ್ತು, ಅದು ಬ್ಯಾರೆ ಮಾತು.)

೩

ಅದಕ್ಕೇ ಗಾಡಿ ಗ್ಯಾರೇಜಿಗೆ ಬಂತು. ಸಸ್ಪೆನ್ಶನ್ನಿಗೆ ಹೊಸ ಗ್ಯಾಸ್ ಶಾಕಾಬ್ಸರ್, ಬುಷ್, ಬಾಲ್ ಜಾಯಿಂಟ್ ಎಲ್ಲಾ ಕೂತವು. ಉಳಿದದ್ದು ಗಾಲಿ ಸೀದಾ ಮಾಡೋದು. ಸಲಾವೋದ್ದೀನ ಕಂಪ್ಯೂಟರ್ ನಂಬಂಗಿಲ್ಲ. ಗಾಡಿ ಬಾಜೂಕ ದಾರ ಕಟ್ಟಿ, ದಾರದಿಂದ ಗಾಲಿ ಎಷ್ಟು ದೂರ ಅಂತ ಅಳೀತಾನ. ಅವಗ ಕೆಲಸ ಕಲಿಸಿದ ಉಸ್ತಾದರದ್ದು ಒಂದು ಕಾಯ್ದೆ: ಖಾಲಿ ಗಾಡಿ ಅಲೈನ್ ಮಾಡಬಾರದು, ಯಾರು ಕೂಡವರೋ ಅವರೇ ಕೂತಿರಬೇಕು.

‘ಅಮ್ಮಾಗ ಕರ್ಕೊಂಬರ್ರಿ,’ ಅಂದ.

ನಾಗಸೇನ ಮನಿಗೆ ಹೋಗಿ ಬಂದ. ‘ರಿಪೇರಿ ಮುಗದ ಮ್ಯಾಲೇ ಕೂಡ್ತೇನಿ ಅಂತಾಳರಿ.’

‘ಅವರು ಕೂತ ಮ್ಯಾಲೇ ರಿಪೇರಿ ಮುಗೀತದರಿ.’

ಕತಿ ಇಲ್ಲೇ ಜಾಮ್ ಆಯ್ತು ನೋಡ್ರಿ. ತೂಕಾದ್ರೂ ಹೇಳು ಅಂತ ಕೇಳಿಸಿದ್ರ, ‘ತೂಗ್ಲಾಕ ನಾ ಏನ್ ತೊಗರಿ ಏನು?’ ಅಂತ ಜವಾಬು ಬಂತು. ಹಂಗಾದ್ರ ಖರೇ ತೊಗರಿ ಚೀಲಾನೇ ಇಡ್ರಿ ಅಂತ ನಾ ಐಡಿಯಾ ಕೊಟ್ಟೆ.

‘ಚೀಲ ತಗ್ಗು ಬಂದಾಗ ಬಾಗಲಾ ಹಿಡಿಯಂಗಿಲ್ಲ ಸಾಬ್,’ ಅಂದ ಸಲಾವೋದ್ದೀನ. ಆಮ್ಯಾಲ ನನ್ನ ಮ್ಯಾಲಿಂದ ಕೆಳಗತನ ನೋಡಿದ. ‘ನೀವು ಮುಂಜಾನಿಯಿಂದ ಖಾಲಿ ನಿಂತೀರಿ. ನೀವೇ ಕೂಡ್ರಿ.’

(ಲೇಖಕ ಕತಿಯೊಳಗ ಹೋಗೋದು ಹಳೇ ಗಿಮಿಕ್ ಅಂತ ವಿಮರ್ಶಕರು ಬೈತಾರ. ಬೈಲಿ. ಎಂಬತ್ತೆರಡು ಕೆಜಿ ಇದ್ದೇನಿ, ಮೊದಲನೇ ಸಲ ಯಾರಿಗೋ ಉಪಯೋಗ ಬಿದ್ದೇನಿ.)

೩, ಇನ್ನೊಮ್ಮೆ

ಡ್ರೈವರ್ ಬಾಜೂಕಿನ ಸೀಟಿನಾಗ ಕೂತೆ. ಸಲಾವೋದ್ದೀನ ದಾರ ಕಟ್ಟಿದ, ಅಳದ, ನಟ್ಟು ಬಿಗದ. ನಾಗಸೇನ ಒಂದು ಸುತ್ತು ಹೊಡಸಿದ. ಸ್ಟೇರಿಂಗ್ ಕೈ ಬಿಟ್ರೂ ಗಾಡಿ ಸೀದಾ ಹೋಯ್ತು, ತಗ್ಗಿಗೂ ಸಪ್ಪಳಿಲ್ಲ.

ತಕರಾರು ಏನಂದ್ರ, ಗಾಡಿ ಸೀದಾ ಆಗಿದ್ದು ನನ್ನ ತೂಕಕ್ಕ. ನಾ ಇಳದ್ರ ಮತ್ತ ಸೊಟ್ಟ. ಅಂದ್ರ ನಾ ಇಳಿಯೂ ಹಂಗಿಲ್ಲ, ಕತಿ ಮುಗಿಸೂ ಹಂಗಿಲ್ಲ.

ಅಂತ್ಯ ಒಂದು: ನಾನೇ ಚಿಂತಾಕಿಗೆ ಹೋಗಿ ಸುಂದರಬಾಯಿಗೆ ನನ್ನ ಮಾರಿ ತೋರಸ್ತೇನಿ. (ಅದನ್ನ ತಗೊಂಡು ಆಕಿ ಏನ್ ಮಾಡ್ಯಾಳು?)

ಅಂತ್ಯ ಎರಡು: ಶಾಲುಬಾಯಿ ಹಿಂದಿನ ಸೀಟಿನಾಗ... ಅಂತ ಬರಿಯೂದ್ರಾಗ ನನ್ನ ಬಾಜೂಕಿನ ಬಾಗಲಾ ತೆರೀತು. ಕೈಯಾಗ ಬಡಿಗಿ, ಬಗಲಾಗ ಗಂಟು. ಶಾಲುಬಾಯಿ.

‘ಇಳೀರಿ.’

‘ಅವ್ವಾರ, ನಾ ಇಳದ್ರ ಗಾಡಿ ಸೀದಾ ಹೋಗಂಗಿಲ್ಲರಿ. ಕತಿನೂ ಹೋಗಂಗಿಲ್ಲ.’

‘ಸೊಟ್ಟನೇ ಹೋಗ್ಲಿ. ಸುಂದರಾ ಈಗ ಫೋನ್ ಮಾಡಿದ್ಲು, ನೆರಳಷ್ಟೇ ಕಾಣಸ್ತಾವಂತ. ನಿಮ್ಮ ಕತಿ ಸೀದಾ ಆಗೂತನ ಆಕಿ ಕಣ್ಣು ನಿಲ್ತಾವೇನು?’

ಇಳದೆ. ನಾಚಿಕಿ ಬಂತು, ಖರೇ ಹೇಳ್ತೇನಿ. ಆಕಿ ಕೂತಳು, ಬಾಗಲಾ ಗಟ್ಟಿ ಹಿಡದಳು.

‘ಅಮ್ಮಾ, ಕೂತೇ ಬಿಟ್ಟೀರಿ, ಐದೇ ನಿಮಿಷ ನಿಂದರ್ರಿ,’ ಅಂತ ಸಲಾವೋದ್ದೀನ ದಾರ ಹಿಡಕೊಂಡು ಓಡಿ ಬರೂದ್ರಾಗ ನಾಗಸೇನ ಗಾಡಿ ಬಿಟ್ಟೇ ಬಿಟ್ಟ.

ಔರಾದ ರೋಡ್ ಹಿಡದ್ರು. ಸೀದಾ ಹೋದ್ರೋ, ಎಡಕ್ಕ ಎಳೀತೋ, ಸುಂದರಬಾಯಿ ಗೆಳತಿ ಮಾರಿ ನೋಡಿದ್ಲೋ, ಕೈಲೆ ಸವರಿ ಗುರುತು ಹಿಡದ್ಲೋ, ನನಗ ಕೇಳಬ್ಯಾಡ್ರಿ. ನನಗ ಇಲ್ಲೇ ಇಳಿಸಿ ಹೋಗ್ಯಾರ.